ತಲೆ ಕಟ್ಟುವ ಲೆಕ್ಕ: 210 ಮಿ.ಮೀ. ಎತ್ತರದ ಒಂದು ಮುಕ್ಕಾಲು ನೋಟ, ರಿಪೇರಿ ಸಮೇತ

ಒಂದು ಹಾಳೆ, ಪೆನ್ಸಿಲಿನಲ್ಲಿ ಬರೆದ ಒಂದು ತಲೆ. ವಯಸ್ಕ ಗಂಡಸಿನದು, ನೋಡುವವರ ಎಡಗಡೆಗೆ 30 ಡಿಗ್ರಿ ತಿರುಗಿದೆ, ಮೇಲಕ್ಕಾಗಲಿ ಕೆಳಕ್ಕಾಗಲಿ ವಾಲಿಲ್ಲ. ಬೆಳಕು ಒಂದೇ, ಎಡಗಡೆ ಮೇಲಿನಿಂದ. ನೆತ್ತಿಯಿಂದ ಗದ್ದದ ತುದಿಗೆ 210 ಮಿ.ಮೀ. ಎದುರು ನೋಟದಲ್ಲಿ ಅಳತೆ ಕಲಿಯುವುದು ಸುಲಭ, ಆದರೆ ಅಲ್ಲಿ ತಪ್ಪುಗಳು ಸಿಕ್ಕಿಬೀಳುವುದಿಲ್ಲ. ಎರಡೂ ಕಡೆ ಒಂದೇ ತಪ್ಪು ಮಾಡಿದರೆ ಮುಖ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಎದುರಿಗೂ ಪಕ್ಕಕ್ಕೂ ನಡುವಿನ ಈ ಮುಕ್ಕಾಲು ನೋಟದಲ್ಲಿ ತಪ್ಪಿಗೆ ಅಡಗಲು ಜಾಗವಿಲ್ಲ. ಹಾಗಾಗಿಯೇ ಈ ನೋಟ.

ಸಾಮಾನು

ಎ3 ಹಾಳೆ, 200 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ), ಮೈ ಸ್ವಲ್ಪ ಒರಟು. ಪೂರ್ತಿ ನುಣುಪಾದ ಹಾಳೆಯಲ್ಲಿ ಗ್ರಾಫೈಟ್ ಕೂರುವುದಿಲ್ಲ, ಎರಡನೇ ಪದರಕ್ಕೇ ಜಾರತೊಡಗುತ್ತದೆ. ತೀರಾ ಒರಟಾದರೆ ಚರ್ಮದ ಮೇಲೆ ಮರಳು ಚೆಲ್ಲಿದಂತೆ ಚುಕ್ಕಿ ಬೀಳುತ್ತದೆ. ಪೆನ್ಸಿಲ್ ಮೂರೇ: ಎಚ್‌ಬಿ, 2ಬಿ, 4ಬಿ; ಬಿ ಹಿಂದಿನ ಸಂಖ್ಯೆ ಹೆಚ್ಚಿದಷ್ಟೂ ಮೊನೆ ಮೆತ್ತಗೆ, ಗೆರೆ ಗಾಢ. ಕಟ್ಟುವ ಗೆರೆಗಳಿಗೆ 2ಎಚ್ ಬಳಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಬೇಡ. ಗಟ್ಟಿ ಮೊನೆ ಹಾಳೆಯಲ್ಲಿ ಗೀರು ಕೊರೆಯುತ್ತದೆ. ರಬ್ಬರ್ ಹಾಕಿದರೆ ಗ್ರಾಫೈಟ್ ಹೋಗುತ್ತದೆ, ಗೀರು ಹೋಗುವುದಿಲ್ಲ. ಆಮೇಲೆ ಶೇಡಿಂಗ್ ಮಾಡಿದಾಗ ಆ ಗೀರು ಬಿಳಿ ದಾರದಂತೆ ಎದ್ದು ಕಾಣುತ್ತದೆ. ಎಚ್‌ಬಿಯನ್ನೇ ಹಿಂದಿನ ತುದಿಯಲ್ಲಿ ಹಿಡಿದು, ಪೆನ್ಸಿಲಿನ ಭಾರದಲ್ಲೇ ಎಳೆದರೆ ಸಾಕು.

ಇನ್ನುಳಿದವು: ಹಿಟ್ಟಿನಂತೆ ನಾದಬಹುದಾದ ಇರೇಸರ್, ಮಾಮೂಲಿ ಬಿಳಿ ರಬ್ಬರ್, 30 ಸೆಂ.ಮೀ. ಸ್ಕೇಲ್, ಕೈವಾರ, ಕೈ ಕೆಳಗೆ ಇಟ್ಟುಕೊಳ್ಳಲು ಒಂದು ತುಂಡು ಕಾಗದ. ಬೆರಳಲ್ಲಿ ಉಜ್ಜುವುದು ನಿಷೇಧ. ಬೆರಳಿನ ಎಣ್ಣೆ ಹಾಳೆಗೆ ಹತ್ತಿದರೆ ಅಲ್ಲಿ ಗ್ರಾಫೈಟ್ ಕಲೆಯಾಗಿ ಕೂರುತ್ತದೆ, ತೆಗೆಯಲು ಬರುವುದಿಲ್ಲ.

ಡ್ರಾಯಿಂಗ್ ಬೋರ್ಡಿನ ಕೋನದ ಬಗ್ಗೆ ಒಂದು ಮಾತು. ಬೋರ್ಡನ್ನು ಮೇಜಿನ ಮೇಲೆ ಮಲಗಿಸಿ ಬರೆದರೆ ಹಾಳೆಯ ಮೇಲಿನ ಅಂಚು ಕಣ್ಣಿನಿಂದ ದೂರ ಹೋಗುತ್ತದೆ, ನಿಲುವಿನ ಅಳತೆ ಕುಗ್ಗಿ ಕಾಣುತ್ತದೆ. ಕೈ ಅದನ್ನು ಸರಿತೂಗಿಸಲು ಮುಖವನ್ನು ಉದ್ದ ಎಳೆಯುತ್ತದೆ. ಬರೆಯುವಾಗ ಸರಿಯಿದ್ದ ಮುಖ ಗೋಡೆಗೆ ಒರಗಿಸಿದ ಕೂಡಲೇ ಕುದುರೆ ಮುಖವಾಗುವುದು ಇದರಿಂದಲೇ. ನೋಟದ ದಿಕ್ಕಿಗೆ ಹಾಳೆ ಲಂಬವಾಗಿರಲಿ. ಇಲ್ಲಿ ಬೋರ್ಡ್ 70 ಡಿಗ್ರಿಯಷ್ಟು ಎದ್ದು ನಿಂತಿದೆ.

ರೆಫರೆನ್ಸ್ ಫೋಟೊವನ್ನು 2 ಮೀಟರ್ ದೂರದಿಂದ ಜೂಮ್ ಮಾಡಿ, ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿಟ್ಟು ತೆಗೆದದ್ದು. ಕೈ ಚಾಚುವ ದೂರದ ಫೋನ್ ಫೋಟೊದಲ್ಲಿ ಮೂಗು ಊದಿಕೊಳ್ಳುತ್ತದೆ, ಕಿವಿ ಹಿಂದಕ್ಕೆ ಸರಿದು ಸಣ್ಣದಾಗುತ್ತದೆ. ಅದನ್ನು ಎಷ್ಟು ನಿಖರವಾಗಿ ನಕಲು ಮಾಡಿದರೂ ತಲೆ ಸುಳ್ಳೇ. ಫೋಟೊವನ್ನು ನೆತ್ತಿಯಿಂದ ಗದ್ದಕ್ಕೆ ಸರಿಯಾಗಿ 210 ಮಿ.ಮೀ. ಬರುವಂತೆ ಪ್ರಿಂಟ್ ಹಾಕಿಸಿದೆ, ಸ್ಕೇಲಿನ ಅಳತೆ ನೇರ ವರ್ಗವಾಗಲಿ ಎಂದು. ನೆತ್ತಿ ಎಂದರೆ ಇಲ್ಲಿ ಬುರುಡೆಯ ನೆತ್ತಿ, ಕೂದಲಿನದಲ್ಲ.

210 ಯಾಕೆ

ಹುಟ್ಟುಗೂದಲಿನ ಗೆರೆಯಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಮೂಗಿನ ಬುಡದಿಂದ ಗದ್ದ: ಈ ಮೂರೂ ಸಮ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟ ಲೆಕ್ಕ ಇದು, ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಕೂದಲಿನ ಗೆರೆಯ ಮೇಲೆ ನೆತ್ತಿಯವರೆಗೆ ಇನ್ನರ್ಧ ಭಾಗ. ಒಟ್ಟು ಮೂರೂವರೆ. ಒಂದು ಭಾಗಕ್ಕೆ 60 ಮಿ.ಮೀ. ಇಟ್ಟರೆ 210. ಗದ್ದದಿಂದ ಮೇಲಕ್ಕೆ ಅಳೆದರೆ:

ಗದ್ದ 0
ಕೆಳತುಟಿಯ ಕೆಳ ಅಂಚು 30
ಎರಡು ತುಟಿ ಕೂಡುವ ಗೆರೆ 40
ಮೂಗಿನ ಬುಡ 60
ಕಣ್ಣು 105
ಹುಬ್ಬು 120
ಕೂದಲಿನ ಗೆರೆ 180
ನೆತ್ತಿ 210

ಕಣ್ಣು ಸರಿಯಾಗಿ ಅರ್ಧದಲ್ಲಿ ಬಂತು. ಅಗಲ ಎತ್ತರದ ಮೂರನೇ ಎರಡು ಭಾಗ, ಅಂದರೆ 140. ಅದನ್ನು ಐದು ಕಣ್ಣಗಲ ಎಂದು ಹಂಚಿದರೆ ಒಂದು ಕಣ್ಣಿಗೆ 28. ಎರಡು ಕಣ್ಣುಗಳ ನಡುವೆ 28, ಮೂಗಿನ ಹೊಳ್ಳೆಗಳ ಅಗಲ 28, ಪಾಪೆಯಿಂದ ಪಾಪೆಗೆ 56. ಬಾಯಿಯ ಮೂಲೆಗಳು ಪಾಪೆಯ ಸುತ್ತಲಿನ ಬಣ್ಣದ ಬಳೆಯ, ಅಂದರೆ ಐರಿಸ್‌ನ ಒಳ ಅಂಚಿನಿಂದ ನೇರ ಕೆಳಗೆ ಬೀಳುತ್ತವೆ, ಅಗಲ ಸುಮಾರು 45.

ಇವು ಯಾರ ಮುಖದ ಅಳತೆಯೂ ಅಲ್ಲ, ತೂಗುವ ಬಟ್ಟು. ಬಟ್ಟು ಇಲ್ಲದೆ ಎದುರಿನ ವ್ಯಕ್ತಿಯ ಮೂಗು ಉದ್ದವೋ ಗಿಡ್ಡವೋ ಎಂದು ಹೇಳಲು ಬರುವುದಿಲ್ಲ. ಈ ಫೋಟೊದ ಮೇಲೆ ಸ್ಕೇಲ್ ಇಟ್ಟಾಗ ಹುಬ್ಬಿನಿಂದ ಮೂಗಿನ ಬುಡಕ್ಕೆ 64, ಅಲ್ಲಿಂದ ಗದ್ದಕ್ಕೆ 56 ಸಿಕ್ಕಿತು. ಉದ್ದ ಮೂಗು, ಗಿಡ್ಡ ಗದ್ದ. ತುಟಿಗಳ ಗೆರೆ ಆಗ 40ರಲ್ಲಲ್ಲ, 37ರ ಹತ್ತಿರ. ಆ ಮನುಷ್ಯನ ಗುರುತು ಇರುವುದೆಲ್ಲ ಈ 4 ಮತ್ತು 3 ಮಿ.ಮೀ.ಗಳಲ್ಲಿ. ಉಳಿದ ಸಂಖ್ಯೆಗಳು ಎಲ್ಲ ತಲೆಗಳಿಗೂ ಸೇರಿದ್ದು.

(ಮಕ್ಕಳಿಗೆ ಈ ಪಟ್ಟಿ ನಡೆಯುವುದಿಲ್ಲ. ಮಗುವಿನ ಬುರುಡೆ ದೊಡ್ಡದು, ಮುಖ ಚಿಕ್ಕದು. ಕಣ್ಣು ಅರ್ಧಕ್ಕಿಂತ ಕೆಳಗೆ ಬರುತ್ತದೆ. ದೊಡ್ಡವರ ಅಳತೆಯಲ್ಲಿ ಮಗುವನ್ನು ಬರೆದರೆ ಸಿಗುವುದು ಕುಳ್ಳ ಮುದುಕ.)

ಗೋಳ

ಹುಬ್ಬಿನ ಮಟ್ಟದಲ್ಲಿ ನಡುಬಿಂದು ಇಟ್ಟು 90 ಮಿ.ಮೀ. ತ್ರಿಜ್ಯದ ವೃತ್ತ. ಹುಬ್ಬು 120, ನೆತ್ತಿ 210, ವ್ಯತ್ಯಾಸ 90. ತ್ರಿಜ್ಯ ಬಂದದ್ದು ಹಾಗೆ. ಮುಂದಿನ ಅಡ್ಡ ಅಳತೆಗಳೆಲ್ಲ ಈ ನಡುಬಿಂದುವಿನಿಂದಲೇ. ಗೋಳದ ವ್ಯಾಸ 180, ತಲೆಯ ಅಗಲ 140. ಹಾಗಾಗಿ ಎರಡೂ ಪಕ್ಕದಿಂದ 20 ಮಿ.ಮೀ. ದಪ್ಪದ ಹೋಳು ಕತ್ತರಿಸಿ ತೆಗೆದಂತೆ ಊಹಿಸಿಕೊಳ್ಳಬೇಕು. ಮನುಷ್ಯನ ತಲೆ ಚೆಂಡಲ್ಲ. ಪಕ್ಕಗಳಲ್ಲಿ ಚಪ್ಪಟೆ, ಹಿಂದಕ್ಕೆ ಉದ್ದ. ಕತ್ತರಿಸಿದ ಜಾಗದಲ್ಲಿ ಉಳಿಯುವ ವೃತ್ತದ ತ್ರಿಜ್ಯ ಲೆಕ್ಕ ಹಾಕಿದರೆ 57ಕ್ಕೆ ಕೊಂಚ ಕಡಿಮೆ, ವ್ಯಾಸ 113. ಚೆಂದವಿರುವುದು ಇಲ್ಲಿ: ಆ ವೃತ್ತದ ಮೇಲಂಚು ಕೂದಲಿನ ಗೆರೆಯ ಮಟ್ಟಕ್ಕೂ ಕೆಳಂಚು ಮೂಗಿನ ಬುಡದ ಮಟ್ಟಕ್ಕೂ ಹೆಚ್ಚುಕಡಿಮೆ ಬಂದು ನಿಲ್ಲುತ್ತದೆ. ಗೋಳ ಮತ್ತು ಮೂರು ಭಾಗದ ಲೆಕ್ಕ ಬೇರೆ ಬೇರೆ ಪದ್ಧತಿಗಳಲ್ಲ, ಒಂದನ್ನೊಂದು ಪರೀಕ್ಷಿಸುತ್ತವೆ.

30 ಡಿಗ್ರಿ ತಿರುಗಿಸಿದಾಗ ಏನಾಗುತ್ತದೆ? ಪಕ್ಕದ ವೃತ್ತ ಮೊಟ್ಟೆಯಾಗುತ್ತದೆ. ಎತ್ತರ 113ರಷ್ಟೇ ಉಳಿಯುತ್ತದೆ, ಅಗಲ ಅರ್ಧವಾಗಿ 57. ಅದರ ಮಧ್ಯ ನಡುಬಿಂದುವಿನಿಂದ ಬಲಕ್ಕೆ 61. ಮುಖದ ನಡುಗೆರೆ, ಅಂದರೆ ಹಣೆ-ಮೂಗು-ಗದ್ದಗಳ ಮೇಲೆ ಹಾಯುವ ಗೆರೆ, ಹುಬ್ಬಿನ ಮಟ್ಟದಲ್ಲಿ ಎಡಕ್ಕೆ 45. ಬೇರೆ ಕೋನ ಬೇಕಿದ್ದರೆ ನಡುಗೆರೆಗೆ 90ನ್ನು ಆ ಕೋನದ ಸೈನ್‌ನಿಂದ ಗುಣಿಸಿ, ಮೊಟ್ಟೆಯ ಅಗಲಕ್ಕೆ 113ನ್ನು ಅದೇ ಸೈನ್‌ನಿಂದ ಗುಣಿಸಿ, ಮೊಟ್ಟೆಯ ಮಧ್ಯಕ್ಕೆ 70ನ್ನು ಕೊಸೈನ್‌ನಿಂದ ಗುಣಿಸಿ. 45 ಡಿಗ್ರಿಗೆ ನಡುಗೆರೆ 64, ಮೊಟ್ಟೆ 80, ಅದರ ಮಧ್ಯ 49. ನಾಲ್ಕಾರು ಸಲ ಲೆಕ್ಕ ಹಾಕಿ ಎಳೆದ ಮೇಲೆ ಕಣ್ಣಿಗೇ ಅಂದಾಜು ಸಿಗುತ್ತದೆ. ಲೆಕ್ಕ ಬೇಕಾಗುವುದು ಕಣ್ಣು ಸುಳ್ಳು ಹೇಳುತ್ತಿದೆಯೇ ಎಂದು ನೋಡಲು.

ತಲೆ ವಾಲದೆ ಇರುವುದರಿಂದ ಹುಬ್ಬು, ಮೂಗು, ಗದ್ದಗಳ ಅಡ್ಡಗೆರೆಗಳು ನೇರವಾಗಿಯೇ ಬಂದವು. ತಲೆ ಎತ್ತಿದರೆ ಅವು ಮೇಲಕ್ಕೆ ಬಾಗಿದ ಕಮಾನು, ತಗ್ಗಿಸಿದರೆ ಕೆಳಕ್ಕೆ ಬಾಗಿದ ಕಮಾನು. ಆಗ ಕಿವಿಯ ಸ್ಥಾನವೂ ಬದಲಾಗಿ ಕಾಣುತ್ತದೆ: ಎತ್ತಿದ ತಲೆಯಲ್ಲಿ ಕಿವಿ ಕಣ್ಣಿಗಿಂತ ಕೆಳಗೆ, ತಗ್ಗಿಸಿದ ತಲೆಯಲ್ಲಿ ಮೇಲೆ.

ದವಡೆ. ಮೊಟ್ಟೆಯ ನಿಲುವಿನ ನಡುಗೆರೆಯ ಕೆಳಗಿನಿಂದ ಇಳಿಯಬೇಕು. ದವಡೆಯ ಮೂಲೆ ಬಾಯಿಯ ಮಟ್ಟದಲ್ಲಿ, ನಡುಬಿಂದುವಿನಿಂದ ಬಲಕ್ಕೆ 40. ಅಲ್ಲಿಂದ ಗದ್ದಕ್ಕೆ ಓರೆ. ಗದ್ದದ ಈಚೆ ಅಂಚು (ನಮಗೆ ಹತ್ತಿರದ, ಬಲಗಡೆಯದು) ಎಡಕ್ಕೆ 19, ಆಚೆ ಅಂಚು (ದೂರದ, ಎಡಗಡೆಯದು) ಎಡಕ್ಕೆ 51. ಗದ್ದವನ್ನು ಒಂದು ಚುಕ್ಕಿಯಾಗಿ ಮೊನಚು ಮಾಡಬೇಡಿ, ಅದು ಸಣ್ಣ ಪೆಟ್ಟಿಗೆ.

ಇಷ್ಟಕ್ಕೆ 25 ನಿಮಿಷ. ಅರ್ಧ ಗಂಟೆ ದಾಟಿದರೆ ಗೆರೆ ಜಾಸ್ತಿಯಾಗಿದೆ ಎಂದರ್ಥ.

ಮೊದಲ ತಪಾಸಣೆ

ಕಣ್ಣು ಮೂಗು ಏನೂ ಬರೆಯುವ ಮೊದಲು ಹಾಳೆಯನ್ನು ತಲೆಕೆಳಗೆ ಮಾಡಿ, ಮೂರು ಹೆಜ್ಜೆ ಹಿಂದೆ ನಿಂತು ನೋಡಿದಾಗ ಎರಡು ತಪ್ಪು ಸಿಕ್ಕವು.

ಒಂದು, ನೆತ್ತಿ ತಗ್ಗು. ವೃತ್ತವನ್ನು ಕೈವಾರದಲ್ಲಿ ಸರಿಯಾಗಿ ಎಳೆದಿದ್ದರೂ ಬುರುಡೆಯ ಹೊರಗೆರೆಯನ್ನು ಕೈಯಲ್ಲಿ ತೀಡುವಾಗ ಒಳಗಡೆಗೆ ಸರಿದಿತ್ತು. ಕಣ್ಣಿನ ಮಟ್ಟದಿಂದ ನೆತ್ತಿಗೆ 105 ಇರಬೇಕಾದದ್ದು 93. ಇದು ಎಲ್ಲರ ಕೈಯಲ್ಲೂ ಆಗುವ ತಪ್ಪು, ಕಾರಣ ಸರಳ. ನಾವು ಮುಖ ಓದುವವರು. ಕಣ್ಣು, ಮೂಗು, ಬಾಯಿ ಇರುವ ಜಾಗ ಮನಸ್ಸಿನಲ್ಲಿ ದೊಡ್ಡದು, ಏನೂ ಇಲ್ಲದ ಹಣೆ ಮತ್ತು ನೆತ್ತಿ ಚಿಕ್ಕದು. ಇದನ್ನು ರಿಪೇರಿ ಮಾಡುವಾಗ ಕಣ್ಣನ್ನು ಕೆಳಗಿಳಿಸಲು ಹೋಗುವವರೇ ಹೆಚ್ಚು. ಕಣ್ಣು ಇಳಿಸಿದರೆ ಮೂಗು ಗಿಡ್ಡವಾಗುತ್ತದೆ, ಮೂಗು ಇಳಿಸಿದರೆ ಬಾಯಿಗೆ ಜಾಗ ಇರುವುದಿಲ್ಲ, ಸರಪಳಿ ಗದ್ದದವರೆಗೆ ಎಳೆಯುತ್ತದೆ. ನೆತ್ತಿಯನ್ನು 12 ಮಿ.ಮೀ. ಎತ್ತಿ, ಬೇರೆ ಏನನ್ನೂ ಮುಟ್ಟದೆ ಬಿಟ್ಟದ್ದು ಸರಿಹೋಯಿತು.

ಎರಡನೆಯದು ಹೆಚ್ಚು ಸೂಕ್ಷ್ಮ. ಗೋಳದ ಎಡ ಅಂಚು ನಡುಬಿಂದುವಿನಿಂದ 90ರಲ್ಲಿದೆ. ಅದನ್ನೇ ಮುಖದ ಆಚೆ ಅಂಚು ಎಂದುಕೊಂಡು ಹುಬ್ಬಿನ ಬಳಿ ಗೆರೆ ಇಳಿಸಿಬಿಟ್ಟರೆ ಆಚೆ ಕಡೆಯ ಹಣೆ ಉಬ್ಬಿ, ಮುಖಕ್ಕೆ ಹಲ್ಲುನೋವು ಬಂದಂತಾಗುತ್ತದೆ. 140 ಅಗಲ ಇರುವುದು ಕಿವಿಗಳ ಮೇಲೆ, ಬುರುಡೆಯ ಅತಿ ಅಗಲದ ಜಾಗದಲ್ಲಿ. ಹಣೆ ಅದಕ್ಕಿಂತ ಬಹಳ ಕಿರಿದು. ಕಣ್ಣುಗೂಡಿನ ಹೊರ ಅಂಚುಗಳ ನಡುವೆ ಈ ಅಳತೆಯಲ್ಲಿ 96 ಮಾತ್ರ. ಮೇಲಾಗಿ ಆ ಅಂಚು ಮೂಗಿನ ಮೇಲ್ಭಾಗಕ್ಕಿಂತ ಹಿಂದಕ್ಕಿದೆ. ಲೆಕ್ಕದಲ್ಲಿ ಆಚೆ ಕಣ್ಣುಗೂಡಿನ ಅಂಚು ಎಡಕ್ಕೆ 73ರ ಆಸುಪಾಸಿನಲ್ಲಿ ಬೀಳುತ್ತದೆ, ಗೋಳಕ್ಕಿಂತ 17 ಒಳಗೆ. ಹೊರಗೆರೆಯನ್ನು ಹಣೆಯಿಂದ ಇಳಿಸಿ, ಹುಬ್ಬಿನ ಕೊನೆಯಲ್ಲಿ ಸ್ವಲ್ಪ ಹೊರಗೆ ತಂದು, ಕಣ್ಣಿನ ಮಟ್ಟದಲ್ಲಿ ಒಳಕ್ಕೆ ತಗ್ಗಿಸಿ, ಕೆನ್ನೆಮೂಳೆಯಲ್ಲಿ ಮತ್ತೆ 73-74ಕ್ಕೆ ತಂದು, ಅಲ್ಲಿಂದ ಬಾಯಿಯ ಪಕ್ಕಕ್ಕೆ ಇಳಿಸಿದ್ದು. ಮುಕ್ಕಾಲು ನೋಟದ ಅರ್ಧ ಕೆಲಸ ಈ ಒಳ-ಹೊರಗಿನ ಗೆರೆಯಲ್ಲೇ ಇದೆ. ಬಂದ ಕೂಡಲೇ ತಲೆ ತಿರುಗಿದಂತೆ ಕಾಣತೊಡಗುತ್ತದೆ, ಇನ್ನೂ ಕಣ್ಣೇ ಬರೆದಿರುವುದಿಲ್ಲ.

ಕಣ್ಣು

ಕಣ್ಣನ್ನು ಬಾದಾಮಿ ಆಕಾರವಾಗಿ ಬರೆಯುವ ಅಭ್ಯಾಸ ಬಿಡಿಸಲು ಒಂದೇ ದಾರಿ: ಮೊದಲು ಗುಡ್ಡೆ ಬರೆಯುವುದು. ವಯಸ್ಕರ ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿ.ಮೀ., ಐರಿಸ್ ಅದರ ಅರ್ಧಕ್ಕೆ ಕೊಂಚ ಕಡಿಮೆ. ಈ ಅಳತೆಯ ತಲೆಯಲ್ಲಿ ಗುಡ್ಡೆ 22, ಐರಿಸ್ 10.5. ಎರಡು ಗುಡ್ಡೆಗಳನ್ನು ಗೂಡಿನೊಳಗೆ ಇಟ್ಟು, ರೆಪ್ಪೆಗಳನ್ನು ಅದರ ಮೇಲೆ ಹೊದಿಸಿದಂತೆ ಎಳೆದಾಯಿತು. ರೆಪ್ಪೆಗೆ ದಪ್ಪ ಇದೆ, ಕೆಳರೆಪ್ಪೆಯ ಮೇಲಂಚಿನಲ್ಲಿ ಒಂದು ಮಿ.ಮೀ. ಅಗಲದ ಬೆಳಕಿನ ಪಟ್ಟಿಯಾಗಿ ಅದು ಕಾಣುತ್ತದೆ. ಆ ಪಟ್ಟಿ ಬಿಟ್ಟರೆ ಕಣ್ಣು ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತಿರುತ್ತದೆ.

ಮೇಲ್ರೆಪ್ಪೆ ಐರಿಸ್‌ನ ಮೇಲ್ಭಾಗವನ್ನು ಒಂದೆರಡು ಮಿ.ಮೀ. ಮುಚ್ಚುತ್ತದೆ, ಕೆಳರೆಪ್ಪೆ ಬರೀ ತಾಕುತ್ತದೆ. ಐರಿಸ್ ಪೂರ್ತಿ ದುಂಡಗೆ ಕಂಡರೆ ಆ ಮನುಷ್ಯ ಬೆಚ್ಚಿಬಿದ್ದಿದ್ದಾನೆ. ಕಣ್ಣಿನ ಹೊರಮೂಲೆ ಒಳಮೂಲೆಗಿಂತ ಸುಮಾರು 2 ಮಿ.ಮೀ. ಮೇಲೆ. ಮೇಲ್ರೆಪ್ಪೆಯ ಕಮಾನಿನ ಶಿಖರ ಒಳಗಡೆಗೆ, ಕೆಳರೆಪ್ಪೆಯ ತಗ್ಗು ಹೊರಗಡೆಗೆ. ಎರಡನ್ನೂ ನಡುವಿನಲ್ಲೇ ಬಾಗಿಸಿದರೆ ಮೀನಿನ ಕಣ್ಣು.

ಇನ್ನು ಅಗಲ. ಎದುರು ನೋಟದ 28 ಇಲ್ಲಿ ನಡೆಯದು. ಈಚೆ ಕಣ್ಣಿನ ಒಳಮೂಲೆ ಎಡಕ್ಕೆ 24, ಹೊರಮೂಲೆ ಬಲಕ್ಕೆ 6, ಅಗಲ 30. ಆಚೆ ಕಣ್ಣು ಎಡಕ್ಕೆ 48ರಿಂದ 66ರವರೆಗೆ, ಅಗಲ 18. ಈಚೆ ಕಣ್ಣು ಹಿಗ್ಗಿದ್ದು ಕಂಡು ಗಾಬರಿ ಬೇಡ. ಮುಖದ ಮುಂಭಾಗ ಚಪ್ಪಟೆಯಲ್ಲ, ಎರಡೂ ಕಡೆ ಹಿಂದಕ್ಕೆ ಬಾಗುತ್ತದೆ. ತಲೆ ಎಡಕ್ಕೆ ತಿರುಗಿದಾಗ ಈಚೆ ಕಡೆಯ ಬಾಗು ನಮ್ಮತ್ತ ನೇರವಾಗುತ್ತದೆ, ಆಚೆಯದು ಇನ್ನಷ್ಟು ಮರೆಯಾಗುತ್ತದೆ. ಮೊದಲ ಕರಡಿನಲ್ಲಿ ಆಚೆ ಕಣ್ಣು 24 ಆಗಿತ್ತು. ಮಿದುಳಿಗೆ ಎರಡು ಕಣ್ಣು ಒಂದೇ ಗಾತ್ರ ಎಂದು ಗೊತ್ತು, ಕೈ ಕಣ್ಣಿನ ಮಾತು ಕೇಳುವ ಬದಲು ಮಿದುಳಿನ ಮಾತು ಕೇಳಿತು. 24 ಅಗಲದ ಕಣ್ಣು ಹೊರಗೆರೆಗೆ ಹೋಗಿ ತಾಕಿದ್ದರಿಂದಲೇ ತಪ್ಪು ಗೊತ್ತಾಗಿದ್ದು: ಆಚೆ ಹೊರಮೂಲೆಗೂ ಮುಖದ ಅಂಚಿಗೂ ನಡುವೆ 6ರಿಂದ 8 ಮಿ.ಮೀ. ಚರ್ಮ ಉಳಿಯಲೇಬೇಕು. ಪೂರ್ತಿ ಅಳಿಸಿ ಮತ್ತೆ ಬರೆದದ್ದು. ಒಂದು ಅಂಚನ್ನು ಮಾತ್ರ ಒಳಗೆ ತಂದರೆ ಐರಿಸ್ ನಡುವಿನಿಂದ ಜಾರಿ ಮೆಳ್ಳಗಣ್ಣಾಗುತ್ತದೆ. ಆಚೆ ಕಣ್ಣಿನ ಐರಿಸ್ ಕೂಡ ದುಂಡಗಲ್ಲ, ನಿಂತ ಮೊಟ್ಟೆ.

ಮೂಗು, ಬಾಯಿ

ಮೂಗಿನ ಬುಡದ ನಡು ಎಡಕ್ಕೆ 44, ತುದಿ 53. ತುದಿ ಬುಡಕ್ಕಿಂತ 18 ಮುಂದಿದೆ, 30 ಡಿಗ್ರಿಯಲ್ಲಿ ಅದರ ಅರ್ಧ ಅಡ್ಡಕ್ಕೆ ಕಾಣುತ್ತದೆ. ಮೂಗನ್ನು ನಡುಗೆರೆಯ ಮೇಲೇ ಬರೆದು ಮುಗಿಸಿದರೆ ಅದು ಮುಖಕ್ಕೆ ಒತ್ತಿ ಹಚ್ಚಿದ ಮಣ್ಣಿನಂತಿರುತ್ತದೆ. ನಾಲ್ಕು ಮೈ ಸಾಕು: ಮುಂದಿನದು, ಎರಡು ಪಕ್ಕ, ಕೆಳಗಿನದು. ಈಚೆ ಹೊಳ್ಳೆಯ ಅಂಚು 28ರಲ್ಲಿ, ಆಚೆಯದು ತುದಿಯ ಹಿಂದೆ ಬಹುತೇಕ ಅಡಗಿದೆ. ಆಚೆ ಹೊಳ್ಳೆಯ ತೂತನ್ನು ಪೂರ್ತಿ ಬರೆಯುವ ಆಸೆ ಬರುತ್ತದೆ, ಒಂದು ಸಣ್ಣ ಬಾಗಿದ ಗೆರೆಗಿಂತ ಹೆಚ್ಚು ಅಲ್ಲಿ ಬೇಡ. ಹೊಳ್ಳೆಯನ್ನು 4ಬಿಯಲ್ಲಿ ಕಪ್ಪು ಗುಂಡಿ ಮಾಡಬೇಡಿ. ಮೇಲಂಚು ಗಾಢ, ಕೆಳಂಚು ಕರಗಿದ್ದು.

ಬಾಯಿ ಹಲ್ಲಿನ ಸಾಲಿನ ಮೇಲೆ ಕೂತಿದೆ, ಆ ಸಾಲು ಉರುಳೆಯಂತೆ ದುಂಡು. ಹೀಗಾಗಿ ತುಟಿಗಳ ನಡುಬಿಂದು ಎಡಕ್ಕೆ 46ರಲ್ಲಿ, ಈಚೆ ಅರ್ಧ 27, ಆಚೆ ಅರ್ಧ ಬರೀ 12. ಅರ್ಧರ್ಧ ಹಂಚಿದರೆ ಬಾಯಿ ಮುಖದಿಂದ ಹೊರಗೆ ಜಾರುತ್ತದೆ, ಕಣ್ಣು ಎಷ್ಟೇ ಸರಿಯಿದ್ದರೂ ವಕ್ರಬಾಯಿ. ಹೊರ ಅಂಚುಗಳಿಗಿಂತ ಮುಖ್ಯವಾದದ್ದು ಎರಡು ತುಟಿ ಕೂಡುವ ಗೆರೆ. ಅದನ್ನು ಒಂದೇ ಒತ್ತಡದಲ್ಲಿ ಎಳೆಯಬಾರದು: ಮೂಲೆಯಲ್ಲಿ ಒತ್ತು, ನಡುವೆ ಎರಡು ಕಡೆ ಬಿಡು. ತುಟಿಯ ಸುತ್ತ ಗೆರೆ ಎಳೆಯದಿದ್ದರೆ ಇನ್ನೂ ಒಳ್ಳೆಯದು, ಬಣ್ಣದ ವ್ಯತ್ಯಾಸವೇ ಅಂಚು ತೋರಿಸುತ್ತದೆ.

ಕಿವಿ

ಮೊಟ್ಟೆಯ ನಿಲುವಿನ ನಡುಗೆರೆಯ ಹಿಂದೆ, ಬಲಕ್ಕೆ 61ರಿಂದ 84ರವರೆಗೆ, ಮೇಲೆ ಹುಬ್ಬು ಕೆಳಗೆ ಮೂಗಿನ ಬುಡ. ಮೇಲ್ಭಾಗ ಹಿಂದಕ್ಕೆ ಸುಮಾರು 15 ಡಿಗ್ರಿ ಓರೆ. ಮೊದಲ ಸಲ ಕಿವಿ 10 ಮಿ.ಮೀ. ಮುಂದೆ ಬಂದಿತ್ತು. ಕಣ್ಣಿನ ಹೊರಮೂಲೆಯಿಂದ ಕಿವಿಯವರೆಗೆ ಖಾಲಿ ಕೆನ್ನೆ. ಖಾಲಿ ಜಾಗವನ್ನು ಕುಗ್ಗಿಸುವುದು ಕೈಯ ಗುಣ, ನೆತ್ತಿಯಲ್ಲಿ ಆದದ್ದೇ ಇಲ್ಲೂ ಆಯಿತು. ಕಿವಿ ಮುಂದೆ ಬಂದರೆ ಬುರುಡೆಯ ಹಿಂಭಾಗ ಉದ್ದವಾಗಿ, ದವಡೆ ಗಿಡ್ಡವಾಗಿ ಕಾಣುತ್ತದೆ. ಎಷ್ಟೋ ಚಿತ್ರಗಳಲ್ಲಿ ತಪ್ಪು ದವಡೆಯಲ್ಲಿದೆ ಎಂದು ಒದ್ದಾಡುತ್ತಿರುತ್ತೇವೆ, ನಿಜಕ್ಕೂ ಸರಿಯಬೇಕಾದದ್ದು ಕಿವಿ. ಒಳಗಿನ ಮಡಿಕೆಗಳನ್ನು ಈ ನೋಟದಲ್ಲಿ ವಿವರವಾಗಿ ಬರೆಯುವ ಅಗತ್ಯವಿಲ್ಲ, ಕಿವಿ ಪೂರ್ತಿ ನೆರಳಿನಲ್ಲಿದೆ.

ಕುತ್ತಿಗೆಗೆ ಹೆಚ್ಚು ಮಾತು ಬೇಡ: ನೇರ ಕಂಬವಲ್ಲ, ಭುಜದಿಂದ ಮುಂದಕ್ಕೆ ಓರೆ. ಕಿವಿಯ ಹಿಂದಿನಿಂದ ಕೊರಳಗುಂಡಿಗೆ ಇಳಿಯುವ ಸ್ನಾಯುವನ್ನು ಒಂದೇ ಗೆರೆಯಲ್ಲಿ ತೋರಿಸಿದರೆ ಸಾಕು.

ಗೆರೆಯ ಕೆಲಸ ಮುಗಿದಾಗ ಒಂದು ಗಂಟೆ ಮುಕ್ಕಾಲು. ಈಗ ಫೋನಿನಲ್ಲಿ ಹಾಳೆಯ ಫೋಟೊ ತೆಗೆದು ಎಡಬಲ ತಿರುಗಿಸಿ ನೋಡಬೇಕು. ಕನ್ನಡಿಯೂ ಆದೀತು. ಕಣ್ಣು ಒಗ್ಗಿಹೋದ ಓರೆಗಳೆಲ್ಲ ಆ ಕ್ಷಣದಲ್ಲಿ ಎದ್ದು ಕಾಣುತ್ತವೆ. ಇಲ್ಲಿ ಸಿಕ್ಕಿದ್ದು: ಕಣ್ಣುಗಳ ಅಡ್ಡಗೆರೆ ಬಲಕ್ಕೆ 2 ಮಿ.ಮೀ. ಇಳಿದಿತ್ತು. ಬಲಗೈಯಲ್ಲಿ ಬರೆಯುವವರ ಮುಖಗಳು ಒಂದೇ ದಿಕ್ಕಿಗೆ ವಾಲುವುದು ಮಾಮೂಲು. ಮೊಣಕೈ ಊರಿ ಬರೆದರೆ ಕೈ ಕಮಾನಿನಲ್ಲಿ ಚಲಿಸುತ್ತದೆ. ಈಚೆ ಕಣ್ಣನ್ನು 2 ಮಿ.ಮೀ. ಎತ್ತಿದ್ದು.

ನೆರಳು

ಅಳತೆಯಲ್ಲಿ ಸರಿಯಿದ್ದ ತಲೆಯನ್ನು ನೆರಳು ಕೆಡಿಸಬಲ್ಲದು. ಮೊದಲು ಹಾಳೆಯ ಅಂಚಿನಲ್ಲಿ ಐದು ಚೌಕ: 1 ಖಾಲಿ ಹಾಳೆ, 5 ಈ ಚಿತ್ರದ ಅತಿ ಗಾಢ ಕಪ್ಪು, ನಡುವೆ ಮೂರು ಹಂತ. ಬೆಳಕಿನ ಭಾಗಕ್ಕೆ 1ರಿಂದ 3, ನೆರಳಿನ ಭಾಗಕ್ಕೆ 4 ಮತ್ತು 5. ಈ ಬೇಲಿ ದಾಟಬಾರದು. ನೆರಳಿನೊಳಗಿನ ಅತಿ ತೆಳುವಾದ ಜಾಗವೂ ಬೆಳಕಿನೊಳಗಿನ ಅತಿ ಗಾಢ ಜಾಗಕ್ಕಿಂತ ಕಪ್ಪಾಗಿರಬೇಕು.

ಬೆಳಕು ಎಡದಿಂದ, ಮುಖ ತಿರುಗಿದ್ದೂ ಎಡಕ್ಕೆ. ಅಂದರೆ ತಲೆಯ ಈಚೆ ಪಕ್ಕ ಪೂರ್ತಿ ನೆರಳು. ನೆರಳು ಬೆಳಕಿನ ಗಡಿ ಹಣೆಯ ಮೂಲೆಯಿಂದ ಕೆಳಗಿಳಿದು, ಕಣ್ಣುಗೂಡಿನ ಹೊರ ಅಂಚು ಹಿಡಿದು, ಕೆನ್ನೆಮೂಳೆಯಲ್ಲಿ ಮುಂದೆ ಬಂದು, ಬಾಯಿಯ ಮೂಲೆಯ ಪಕ್ಕದಿಂದ ಗದ್ದದ ಈಚೆ ಮೂಲೆಗೆ ಇಳಿಯುತ್ತದೆ. ಈ ಗಡಿಯನ್ನು ಮೊದಲು ತೆಳುಗೆರೆಯಲ್ಲಿ ಗುರುತಿಸಿ, ಬಲಗಡೆ ಇರುವುದೆಲ್ಲವನ್ನೂ, ಕಿವಿ ಸೇರಿಸಿ, 2ಬಿಯಲ್ಲಿ ಒಂದೇ ಸಮ 4ನೇ ಹಂತಕ್ಕೆ ತಂದಾಯಿತು. ಜೊತೆಗೆ ಮೂಗಿನ ಕೆಳಮೈ, ಮೇಲ್ತುಟಿ, ಕೆಳತುಟಿಯ ಕೆಳಗಿನ ತಗ್ಗು, ಗದ್ದದ ಅಡಿ, ಕಣ್ಣುಗೂಡುಗಳ ಮೇಲ್ಭಾಗ. ಇವೆಲ್ಲ ಕೆಳಮುಖವಾಗಿರುವ ಮೈಗಳು. ಈ ಹಂತದಲ್ಲಿ ಎರಡೇ ಬಣ್ಣ ಇರುವಾಗಲೇ ಚಿತ್ರ ಆ ಮನುಷ್ಯನಂತೆ ಕಾಣಬೇಕು. ಕಾಣದಿದ್ದರೆ ಮುಂದಿನ ನಯಗೆಲಸ ಅದನ್ನು ಉಳಿಸುವುದಿಲ್ಲ.

ಗಡಿಯ ಉದ್ದಕ್ಕೂ ನೆರಳಿನ ಕಡೆಗೆ ಒಂದು ಪಟ್ಟಿ ಹೆಚ್ಚು ಗಾಢ, 4ಬಿಯಲ್ಲಿ. ಅದರಾಚೆ, ದವಡೆಯ ಅಂಚಿನ ಹತ್ತಿರ, ಭುಜದಿಂದ ಪುಟಿದ ಬೆಳಕು ಸ್ವಲ್ಪ. ಈ ಪುಟಿದ ಬೆಳಕು ಎಲ್ಲರಿಗೂ ಇಷ್ಟ, ಆದ್ದರಿಂದಲೇ ಅತಿಯಾಗುತ್ತದೆ. ಇಲ್ಲೂ ಆಯಿತು: ಇರೇಸರಿನಲ್ಲಿ ಎತ್ತಿದ್ದು ಜಾಸ್ತಿಯಾಗಿ ದವಡೆ ತಗಡಿನಂತೆ ಹೊಳೆಯಿತು. ಮೇಲೆ ಒಂದು ಪದರ 2ಬಿ ಹಾಕಿ ಮತ್ತೆ 4ನೇ ಹಂತದೊಳಗೆ ತಂದದ್ದು.

ಗಡಿಯ ಅಂಚು ಎಲ್ಲ ಕಡೆ ಒಂದೇ ಥರ ಮೃದುವಾಗಬಾರದು. ಮೂಳೆ ಚರ್ಮದ ಹತ್ತಿರ ಇರುವಲ್ಲಿ, ಅಂದರೆ ಹಣೆಯ ಮೂಲೆ ಮತ್ತು ಕೆನ್ನೆಮೂಳೆಯಲ್ಲಿ, ಗಡಿ ಚುರುಕು. ಕೆನ್ನೆಯ ಮಾಂಸದ ಮೇಲೆ ನಿಧಾನ. ಮೂಗು ಮೇಲ್ತುಟಿಯ ಮೇಲೆ ಚೆಲ್ಲುವ ನೆರಳು ಹುಟ್ಟುವ ಜಾಗದಲ್ಲಿ ಚೂಪು, ದೂರ ಹೋದಂತೆ ಮಸುಕು. ಎಲ್ಲವನ್ನೂ ಸಮನಾಗಿ ಉಜ್ಜಿದ ಮುಖ ಮೇಣದ ಬೊಂಬೆ. ಉಜ್ಜುವ ಕಾಗದದ ಸುರುಳಿಯನ್ನು ಹೀಗಾಗಿಯೇ ಸಾಮಾನಿನಲ್ಲಿ ಸೇರಿಸಿರಲಿಲ್ಲ.

ಕಣ್ಣಿನ ಬಿಳಿ ಬಿಳಿಯಲ್ಲ. ಅದು ಗೋಳ, ಮೇಲಿನಿಂದ ರೆಪ್ಪೆಯ ನೆರಳು ಬಿದ್ದಿದೆ, ಮೂಲೆಗಳತ್ತ ತಿರುಗುತ್ತದೆ. ಬೆಳಕಿನ ಕಡೆಯ ಕಣ್ಣಿನಲ್ಲಿ 2, ಈಚೆಯದರಲ್ಲಿ 3. ಮೊದಲು ಖಾಲಿ ಹಾಳೆ ಬಿಟ್ಟಿದ್ದಾಗ ಎರಡೂ ಕಣ್ಣು ಮುಖದಿಂದ ಹೊರಗೆ ಜಿಗಿದಂತಿದ್ದವು. ಶುದ್ಧ 1 ಉಳಿದದ್ದು ಮೂರೇ ಜಾಗದಲ್ಲಿ: ಐರಿಸ್ ಮೇಲಿನ ಬೆಳಕಿನ ಚುಕ್ಕಿ, ಮೂಗಿನ ತುದಿ, ಹಣೆಯ ಎಡಭಾಗ.

ಪೆನ್ಸಿಲ್ ಒತ್ತಿದರೆ ಕಪ್ಪು ಹೆಚ್ಚುವುದಿಲ್ಲ, ಹೊಳಪು ಹೆಚ್ಚುತ್ತದೆ. ಗ್ರಾಫೈಟ್ ಪದರಗಳು ಒತ್ತಡಕ್ಕೆ ಮಲಗಿ ಕನ್ನಡಿಯಾಗುತ್ತವೆ, ಹಾಳೆಯ ಒರಟು ಸತ್ತುಹೋಗುತ್ತದೆ, ಆಮೇಲೆ ಏನನ್ನೂ ಹಿಡಿಯುವುದಿಲ್ಲ. ಗಾಢ ಬೇಕಾದಲ್ಲಿ ಮೆತ್ತನೆ ಪೆನ್ಸಿಲ್, ಹಗುರ ಕೈ, ನಾಲ್ಕೈದು ಪದರ, ಪ್ರತಿ ಪದರ ಬೇರೆ ದಿಕ್ಕಿಗೆ.

ಕೂದಲು ಕೊನೆಗೆ, 20 ನಿಮಿಷದಲ್ಲಿ. ಎಳೆ ಎಳೆಯಾಗಿ ಅಲ್ಲ, ಗುಡ್ಡೆಯಾಗಿ: ಬುರುಡೆಯ ಹೊರಗೆರೆಯ ಮೇಲೆ 8ರಿಂದ 10 ಮಿ.ಮೀ. ದಪ್ಪ, ಅದಕ್ಕೂ ಬೆಳಕಿನ ಮೈ, ನೆರಳಿನ ಮೈ. ಹುಟ್ಟುಗೂದಲಿನ ಗೆರೆ ಚೂಪಾಗಿದ್ದರೆ ಟೋಪನ್. ಇರೇಸರಿನಿಂದ ಅಲ್ಲಲ್ಲಿ ಒತ್ತಿ ಮಸುಕು ಮಾಡಿ, ಅಂಚಿನಲ್ಲಷ್ಟೇ ಹತ್ತು ಹನ್ನೆರಡು ಎಳೆ.

ಕೊನೆಯ ಅಳತೆ: ನೆತ್ತಿಯಿಂದ ಗದ್ದಕ್ಕೆ 211. ಕಣ್ಣಿನ ಮಟ್ಟ 105. ಹುಬ್ಬಿನಿಂದ ಮೂಗಿನ ಬುಡಕ್ಕೆ 64. ಆಚೆ ಕಣ್ಣು 18, ಈಚೆ ಕಣ್ಣು 29. ಒಟ್ಟು ಸಮಯ ಐದು ಗಂಟೆ ಚಿಲ್ಲರೆ. ಕುತ್ತಿಗೆಯ ಹಿಂಗೆರೆ ಫೋಟೊಗಿಂತ 3 ಮಿ.ಮೀ. ಹೊರಗಿದೆ, ಅಲ್ಲಿ ಎರಡು ಸಲ ಅಳಿಸಿ ಹಾಳೆಯ ಮೈ ಎದ್ದಿರುವುದರಿಂದ ಮೂರನೇ ಸಲ ರಬ್ಬರ್ ಹಾಕದೆ ಬಿಟ್ಟಿದೆ.